ಕೈ ಕೊಡು ಎಂದವನ ರಥ ಎಲ್ಲಿಗೆ ಹೊರಟಿತ್ತು?

ಕ್ರೈಸ್ತ ಸಭೆಗಳ ಐಕ್ಯದ ಮಾತು ಬಂದಾಗಲೆಲ್ಲ ಜಾನ್ ವೆಸ್ಲಿಯ ‘ಕ್ಯಾಥೊಲಿಕ್ ಸ್ಪಿರಿಟ್’ ಪ್ರಸಂಗವನ್ನು ನೆನೆಯುವುದು ಒಂದು ವಾಡಿಕೆಯಾಗಿದೆ. ಜನವರಿ 18ರಿಂದ 25ರವರೆಗೆ ನಡೆಯುವ ಐಕ್ಯ ಪ್ರಾರ್ಥನಾ ವಾರದಲ್ಲಿ ನಾನು ಕೇಳುತ್ತ ಬಂದ ಪ್ರಸಂಗಗಳಲ್ಲಿ ಅದರ ಸಾರ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಅಭಿಪ್ರಾಯ ಬೇರೆಯಿದ್ದರೇನು, ಹೃದಯ ಸರಿಯಿದ್ದರೆ ಸಾಕು, ಕೈ ಹಿಡಿಯೋಣ ಎಂಬುದು ಆ ಸಾರ. 1750ರಲ್ಲಿ ಅಚ್ಚಾದ ಈ ಪ್ರಸಂಗಕ್ಕೆ, ಸಿದ್ಧಾಂತದ ನಿಷ್ಠೆಯನ್ನೂ ಕರುಣೆಯನ್ನೂ ಸಮವಾಗಿ ತೂಗಿದ ಮಾದರಿ ಎಂಬ ಹೆಸರಿದೆ. ಆ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು ಎಂಬುದು ನನ್ನ ವಾದ. ಸಿದ್ಧಾಂತ ಮತ್ತು ಕರುಣೆ ನಿಜವಾಗಿ ಎದುರುಬದುರಾಗುವ ಜಾಗವನ್ನು ಈ ಪ್ರಸಂಗ ಬಳಸಿಕೊಂಡು ಹೋಗುತ್ತದೆ. ಅಲ್ಲಿ ಮುಟ್ಟದೆ ಬಿಟ್ಟದ್ದು ವೆಸ್ಲಿಯ ಬದುಕಿನಲ್ಲಿ ಮತ್ತೆ ಮತ್ತೆ ಕಹಿಯಾಗಿ ಎದ್ದು ಬಂತು. ಮಾದರಿ ಬೇಕಿದ್ದರೆ ಬೇರೆ ಕಡೆ ಹುಡುಕಬೇಕು.

ಹಿನ್ನೆಲೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಆಕ್ಸ್‌ಫರ್ಡಿನ ಹೋಲಿ ಕ್ಲಬ್ಬು, ಬ್ರಿಸ್ಟಲಿನ ಬಯಲು ಪ್ರಸಂಗಗಳು, ಮೆಥಡಿಸ್ಟ್ ಚಳವಳಿ ಇವೆಲ್ಲ ಓದುಗರಿಗೆ ಗೊತ್ತು. ವೆಸ್ಲಿಗೂ ಅವನ ಗೆಳೆಯ ಜಾರ್ಜ್ ವೈಟ್‌ಫೀಲ್ಡನಿಗೂ ಪೂರ್ವನಿರ್ಣಯ ಸಿದ್ಧಾಂತದ ವಿಷಯದಲ್ಲಿ ಒಡಕು ಬಂದದ್ದೂ ಗೊತ್ತು. ರಕ್ಷಣೆ ಹೊಂದುವವರನ್ನು ದೇವರು ಅನಾದಿಯಲ್ಲೇ ಆರಿಸಿಕೊಂಡಿದ್ದಾನೆ ಎಂದು ಕಾಲ್ವಿನ್ ಪಂಥದ ವೈಟ್‌ಫೀಲ್ಡ್ ನಂಬಿದ್ದ. ಕೃಪೆ ಎಲ್ಲರಿಗೂ ತೆರೆದಿದೆ, ಮನುಷ್ಯ ಅದನ್ನು ತಿರಸ್ಕರಿಸಬಲ್ಲ ಎಂದು ಅರ್ಮಿನಿಯನ್ ಪಕ್ಷದ ವೆಸ್ಲಿ ನಂಬಿದ್ದ. ನನಗೆ ಬೇಕಾಗಿರುವುದು ಈ ಜಗಳದ ಇತಿಹಾಸಕ್ಕಿಂತ ಹೆಚ್ಚಾಗಿ, ಇಂಥ ಜಗಳಕ್ಕೆ ಮದ್ದು ಎಂದು ವೆಸ್ಲಿ ಮುಂದಿಟ್ಟ ಪ್ರಸಂಗದ ಒಳಗಿನ ಕಟ್ಟಡ.

ಪ್ರಸಂಗಕ್ಕೆ ಅವನು ಆರಿಸಿಕೊಂಡದ್ದು ಎರಡನೆಯ ಅರಸುಗಳು ಗ್ರಂಥದ ಹತ್ತನೆಯ ಅಧ್ಯಾಯದ 15ನೆಯ ವಚನ. ರಥದಲ್ಲಿ ಹೋಗುತ್ತಿದ್ದ ಯೇಹುವಿಗೆ ರೇಕಾಬನ ಮಗ ಯೆಹೋನಾದಾಬ ದಾರಿಯಲ್ಲಿ ಎದುರಾಗುತ್ತಾನೆ. ನನ್ನ ಮನಸ್ಸಿನಂತೆಯೇ ನಿನ್ನ ಮನಸ್ಸೂ ನೆಟ್ಟಗಿದೆಯೇ ಎಂದು ಯೇಹು ಕೇಳುತ್ತಾನೆ. ಯೆಹೋನಾದಾಬ ಹೌದೆನ್ನುತ್ತಾನೆ. ಹಾಗಾದರೆ ಕೈ ಕೊಡು ಎಂದು ಯೇಹು ಅವನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಯೆಹೋನಾದಾಬನ ಮನೆತನದ ಕಟ್ಟುಪಾಡುಗಳು ಯೆರೆಮೀಯನ ಗ್ರಂಥದಿಂದ ನಮಗೆ ತಿಳಿದಿವೆ: ದ್ರಾಕ್ಷಾರಸ ಕುಡಿಯಬಾರದು, ಮನೆ ಕಟ್ಟಬಾರದು, ಬಿತ್ತಬಾರದು, ಗುಡಾರಗಳಲ್ಲೇ ವಾಸಿಸಬೇಕು. ಈ ವಿಶೇಷ ಅಭಿಪ್ರಾಯಗಳಲ್ಲಿ ಒಂದನ್ನೂ ಯೇಹು ಕೇಳಲಿಲ್ಲ, ಹೃದಯವನ್ನಷ್ಟೇ ಕೇಳಿದ, ನಾವೂ ಹಾಗೇ ಮಾಡೋಣ ಎಂಬುದು ವೆಸ್ಲಿಯ ವಾದದ ಬುಡ.

ಆ ಅಧ್ಯಾಯವನ್ನು ಕೆಲವು ವಚನ ಹಿಂದಕ್ಕೂ ಹನ್ನೆರಡು ವಚನ ಮುಂದಕ್ಕೂ ಓದಬೇಕು. ಯೆಹೋನಾದಾಬ ಎದುರಾಗುವ ಸ್ವಲ್ಪ ಮೊದಲು ಯೇಹು ಅಹಾಬನ ಎಪ್ಪತ್ತು ಮಂದಿ ಮಕ್ಕಳ ತಲೆಗಳನ್ನು ಬುಟ್ಟಿಗಳಲ್ಲಿ ತರಿಸಿಕೊಂಡಿದ್ದಾನೆ. ಅದಾದ ಮೇಲೆ ಯೆಹೂದದ ಅರಸನ ಬಂಧುಗಳು ನಲವತ್ತೆರಡು ಮಂದಿಯನ್ನು ಬಾವಿಯೊಂದರ ಹತ್ತಿರ ಕೊಲ್ಲಿಸಿದ್ದಾನೆ. ಕೈ ಹಿಡಿದ ಮರುಗಳಿಗೆಗೆ ಅವನು ಯೆಹೋನಾದಾಬನಿಗೆ ಹೇಳುವುದು, ಬಾ, ಕರ್ತನಿಗಾಗಿ ನನಗಿರುವ ಆಸಕ್ತಿಯನ್ನು ನೋಡು ಎಂಬರ್ಥದ ಮಾತು. ರಥ ಸಮಾರ್ಯಕ್ಕೆ ಹೋಗುತ್ತದೆ. ಅಹಾಬನ ಮನೆಯವರಲ್ಲಿ ಉಳಿದವರೆಲ್ಲ ಅಲ್ಲಿ ಸಾಯುತ್ತಾರೆ. ಆಮೇಲೆ ಬಾಳನಿಗೆ ಮಹೋತ್ಸವ ಎಂದು ಸುಳ್ಳು ಸಾರಿಸಿ, ಬಾಳನ ಭಕ್ತರನ್ನೆಲ್ಲ ಗುಡಿಯೊಳಗೆ ಸೇರಿಸಿ, ಹೊರಗೆ ಎಂಬತ್ತು ಮಂದಿಯನ್ನು ಕಾವಲಿಟ್ಟು, ಒಬ್ಬನೂ ತಪ್ಪಿಸಿಕೊಳ್ಳದಂತೆ ಕತ್ತಿಗೆ ಆಹುತಿ ಕೊಡುತ್ತಾನೆ. ಆ ಗುಡಿಯೊಳಕ್ಕೆ ಯೇಹುವಿನ ಜೊತೆ ಹೋದವನು ಯೆಹೋನಾದಾಬನೇ ಎಂದು ಗ್ರಂಥ ಹೆಸರು ಹಿಡಿದು ಹೇಳುತ್ತದೆ. ಮುಂದೆ ಪ್ರವಾದಿ ಹೋಶೇಯ ಇಜ್ರೇಲಿನಲ್ಲಿ ಹರಿದ ರಕ್ತದ ಲೆಕ್ಕವನ್ನು ಯೇಹುವಿನ ಮನೆತನದಿಂದಲೇ ಕೇಳುತ್ತಾನೆ.

ಯೇಹುವಿನ ಗುಣದಲ್ಲಿ ಒಳಿತೂ ಕೆಡುಕೂ ಬೆರೆತಿದೆ ಎಂದು ವೆಸ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತಾನೆ. ಅಷ್ಟು ಸಾಲದು. ಯೇಹು ಹೃದಯ ಎಂದದ್ದು ಭಾವನೆಯ ಅರ್ಥದಲ್ಲಿ ಅಲ್ಲವೇ ಅಲ್ಲ. ನೀನು ಯಾರ ಪಕ್ಷ, ಯೆಹೋವನದೋ ಬಾಳನದೋ ಎಂಬುದು ಅವನ ಪ್ರಶ್ನೆ. ಅದು ಆ ಕಾಲದ ಅತಿ ದೊಡ್ಡ ಸಿದ್ಧಾಂತದ ಪ್ರಶ್ನೆ. ಗುಡಾರ ಮತ್ತು ದ್ರಾಕ್ಷಾರಸದ ಬಗ್ಗೆ ಅವನು ಕೇಳದೆ ಇದ್ದದ್ದು ನಿಜ, ಆ ಹೊತ್ತಿಗೆ ಅವು ಅವನಿಗೆ ಬೇಕಿರಲಿಲ್ಲ. ಇನ್ನೂ ಮುಖ್ಯವಾದುದು, ಯೆಹೋನಾದಾಬನೂ ಒಂದು ಪ್ರಶ್ನೆ ಕೇಳಬೇಕಿತ್ತು: ರಥ ಎಲ್ಲಿಗೆ ಹೋಗುತ್ತಿದೆ? ಕೇಳಿದನೆಂದು ಗ್ರಂಥ ಹೇಳುವುದಿಲ್ಲ. ಎರಡು ಕೈಗಳು ಕೂಡಿದವು, ಮೂರನೆಯವರು ಸತ್ತರು. ಕ್ರೈಸ್ತ ಪ್ರೀತಿಗೆ ಈ ವಚನವನ್ನು ಗುರುತಾಗಿ ನಿಲ್ಲಿಸುವವನು ಆ ಅಧ್ಯಾಯದ ಭಾರವನ್ನೂ ಹೊರಬೇಕಾಗುತ್ತದೆ.

ಪ್ರಸಂಗದ ನಡುಭಾಗವನ್ನು ಇನ್ನೂ ಹತ್ತಿರದಿಂದ ನೋಡಬೇಕು. ಹೃದಯ ಸರಿಯಿದೆಯೇ ಎಂಬ ಒಂದು ಪ್ರಶ್ನೆಯನ್ನು ವೆಸ್ಲಿ ಬಿಡಿಸುತ್ತ ಹೋಗಿ ಪ್ರಶ್ನೆಗಳ ಉದ್ದ ಸಾಲನ್ನೇ ಮಾಡುತ್ತಾನೆ. ದೇವರ ಇರವನ್ನು, ಅವನ ನಿತ್ಯತೆ, ಜ್ಞಾನ, ಶಕ್ತಿ, ನ್ಯಾಯ, ಕರುಣೆ, ಸತ್ಯಗಳನ್ನು ನಂಬುತ್ತೀಯಾ? ಶಿಲುಬೆಗೇರಿದ ಕ್ರಿಸ್ತನನ್ನು ನಂಬುತ್ತೀಯಾ? ಸ್ವಂತ ಕ್ರಿಯೆಗಳನ್ನು ಬಿಟ್ಟು ನಂಬಿಕೆಯಿಂದ ಬರುವ ನೀತಿಗೆ ಒಳಪಟ್ಟಿದ್ದೀಯಾ? ನಿನ್ನ ನಂಬಿಕೆ ಪ್ರೀತಿಯಿಂದ ತುಂಬಿದೆಯೇ? ನೆರೆಯವನನ್ನು, ವೈರಿಯನ್ನೂ, ಪ್ರೀತಿಸುತ್ತೀಯಾ? ಓದುತ್ತ ಹೋದಂತೆ ಹೃದಯ ಎಂಬ ಮಾತಿನ ಬೆನ್ನಿಗೇ ಒಂದು ವಿಶ್ವಾಸಪ್ರಮಾಣ ನಿಂತಿರುವುದು ಕಾಣುತ್ತದೆ. ಸಿದ್ಧಾಂತವನ್ನು ಬದಿಗಿಡೋಣ ಎಂದವನು ಮುಖ್ಯ ಸಿದ್ಧಾಂತಗಳನ್ನೆಲ್ಲ ಹೃದಯದ ಹೆಸರಿನಲ್ಲಿ ಒಳಗೆ ತಂದಿದ್ದಾನೆ. ಇದನ್ನು ನಾನು ತಪ್ಪೆನ್ನುವುದಿಲ್ಲ. ಕ್ರೈಸ್ತನಿಗೆ ಬೇರೆ ದಾರಿಯೂ ಇಲ್ಲ. ಆದರೆ ಯಾವುದು ಹೃದಯ, ಯಾವುದು ಅಭಿಪ್ರಾಯ ಎಂದು ಗೆರೆ ಎಳೆಯುವ ಅಧಿಕಾರ ಪ್ರಸಂಗಿಯ ಕೈಯಲ್ಲೇ ಉಳಿಯಿತು ಎಂಬುದನ್ನು ಗಮನಿಸಬೇಕು.

ಅಭಿಪ್ರಾಯಗಳೆಂದು ಅವನು ಹೆಸರಿಸಿ ಪಕ್ಕಕ್ಕಿಟ್ಟದ್ದು ಯಾವುವು? ಬಿಷಪ್ಪರ ಆಡಳಿತವೋ ಹಿರಿಯರ ಆಡಳಿತವೋ, ಪ್ರಾರ್ಥನೆಯನ್ನು ಪುಸ್ತಕದಿಂದ ಓದುವುದೋ ಬಾಯಿಗೆ ಬಂದಂತೆ ಮಾಡುವುದೋ, ಕರ್ತನ ಭೋಜನವನ್ನು ಹೇಗೆ ತೆಗೆದುಕೊಳ್ಳುವುದು, ದೀಕ್ಷಾಸ್ನಾನವನ್ನು ಯಾವ ವಯಸ್ಸಿನಲ್ಲಿ ಕೊಡುವುದು. ಅವನ ಸ್ವಂತ ಬದುಕಿನ ಅತಿ ದೊಡ್ಡ ಜಗಳವಾಗಿದ್ದ ಪೂರ್ವನಿರ್ಣಯದ ಹೆಸರು ಈ ಸಾಲಿನಲ್ಲಿಲ್ಲ. ಹನ್ನೊಂದು ವರ್ಷ ಹಿಂದೆ, 1739ರ ಏಪ್ರಿಲಿನಲ್ಲಿ, ಬ್ರಿಸ್ಟಲಿನಲ್ಲಿ ಅವನೇ ‘ಫ್ರೀ ಗ್ರೇಸ್’ ಎಂಬ ಪ್ರಸಂಗ ಮಾಡಿದ್ದ. ಪೂರ್ವನಿರ್ಣಯ ಸಿದ್ಧಾಂತ ದೇವರ ನ್ಯಾಯವನ್ನೂ ಕರುಣೆಯನ್ನೂ ಸತ್ಯವನ್ನೂ ಒಮ್ಮೆಗೇ ಕೆಡವುತ್ತದೆ, ದೇವರನ್ನು ಸೈತಾನನಿಗಿಂತ ಕೀಳು ಮಾಡುತ್ತದೆ, ಅದು ದೇವದೂಷಣೆ ಎಂಬುದು ಆ ಪ್ರಸಂಗದ ವಾದ. ಈಗ ಎರಡು ಪ್ರಸಂಗಗಳನ್ನೂ ಪಕ್ಕಪಕ್ಕ ಇಡಿ. ದೇವರ ನ್ಯಾಯ, ಕರುಣೆ, ಸತ್ಯಗಳನ್ನು ನಂಬುವುದು ಹೃದಯದ ಮೊದಲ ಪರೀಕ್ಷೆ ಎನ್ನುತ್ತದೆ 1750ರ ಪ್ರಸಂಗ. ಆ ಮೂರನ್ನೂ ಕಾಲ್ವಿನ್ ಪಂಥದವನು ನಿರಾಕರಿಸಿದಂತೆ ಎನ್ನುತ್ತದೆ 1739ರದು. ಹಾಗಿದ್ದರೆ ವೈಟ್‌ಫೀಲ್ಡ್ ಮೊದಲ ಪ್ರಶ್ನೆಯಲ್ಲೇ ಸೋತ. ಸೋಲಲಿಲ್ಲ ಎನ್ನುವುದಾದರೆ 1739ರ ಆರೋಪ ನಿಲ್ಲುವುದಿಲ್ಲ. ಎರಡರಲ್ಲಿ ಒಂದನ್ನು ವೆಸ್ಲಿ ಹಿಂತೆಗೆದುಕೊಳ್ಳಬೇಕಿತ್ತು. ಅವನು ಯಾವುದನ್ನೂ ಹಿಂತೆಗೆದುಕೊಳ್ಳಲಿಲ್ಲ.

ಪ್ರಸಂಗದ ಮೂರನೆಯ ಭಾಗವನ್ನು ಹೇಳದೆ ಬಿಟ್ಟರೆ ವೆಸ್ಲಿಗೆ ಅನ್ಯಾಯವಾಗುತ್ತದೆ. ಎಲ್ಲ ಮತಗಳೂ ಒಂದೇ, ಎಲ್ಲ ಆರಾಧನೆಯೂ ಒಂದೇ ಎಂಬ ಉದಾಸೀನವನ್ನು ಅವನು ಅಲ್ಲಿ ಕಟುವಾಗಿ ಖಂಡಿಸುತ್ತಾನೆ. ಮುಖ್ಯ ಬೋಧನೆಗಳಲ್ಲಿ ಸ್ಥಿರನಾಗಿ ನಿಂತವನಿಗೆ ಮಾತ್ರ ಈ ವಿಶಾಲ ಮನಸ್ಸು ಸಲ್ಲುತ್ತದೆ ಎನ್ನುತ್ತಾನೆ. ಐಕ್ಯ ವಾರದ ನಮ್ಮ ಪ್ರಸಂಗಿಗಳು ಈ ಭಾಗವನ್ನು ಕತ್ತರಿಸಿ ಹಾಕುತ್ತಾರೆ, ಅದು ಅವರ ತಪ್ಪು. ತಾನು ಎಲ್ಲೋ ತಪ್ಪಿರಬಹುದು, ಆದರೆ ಎಲ್ಲಿ ಎಂದು ತನಗೇ ಗೊತ್ತಾಗದು ಎಂಬ ಅವನ ವಿನಯದ ಮಾತೂ ಬೆಲೆಯುಳ್ಳದ್ದು. ಇಷ್ಟನ್ನು ಒಪ್ಪಿದ ಮೇಲೂ ನನ್ನ ಆಕ್ಷೇಪ ಹಾಗೇ ಉಳಿಯುತ್ತದೆ. ಆ ವಿನಯ ಅವನ ಬಿಸಿಬಿಸಿ ಜಗಳದ ಒಂದೇ ಒಂದು ಅಂಶಕ್ಕೂ ತಾಗಲಿಲ್ಲ.

ರಥ ಎಲ್ಲಿಗೆ ಹೋಯಿತು ಎಂಬುದನ್ನು ಅವನ ಬದುಕಿನಲ್ಲೇ ನೋಡಬಹುದು. ‘ಫ್ರೀ ಗ್ರೇಸ್’ ಪ್ರಸಂಗವನ್ನು ಬೋಧಿಸಿ ಅಚ್ಚು ಹಾಕಿಸುವ ನಿರ್ಧಾರವನ್ನು ಅವನು ಚೀಟಿ ಎತ್ತಿ ಮಾಡಿದ. ಅಚ್ಚು ಹಾಕಿಸಬೇಡ ಎಂದು ವೈಟ್‌ಫೀಲ್ಡ್ ಬೇಡಿಕೊಂಡಿದ್ದ. ಆಗಸ್ಟಿನಲ್ಲಿ ವೈಟ್‌ಫೀಲ್ಡ್ ಅಮೆರಿಕಕ್ಕೆ ಹಡಗು ಹತ್ತಿದ, ಪುಸ್ತಕ ಹೊರಬಂತು. ಅದಕ್ಕೆ ಉತ್ತರವಾಗಿ 1740ರ ಡಿಸೆಂಬರ್ 24ರಂದು ಜಾರ್ಜಿಯಾದ ತನ್ನ ಬೆಥೆಸ್ಡಾ ಅನಾಥಾಲಯದಿಂದ ವೈಟ್‌ಫೀಲ್ಡ್ ಬರೆದ ದೀರ್ಘ ಪತ್ರ ಮುಂದಿನ ವರ್ಷ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ರೀತಿಯೂ ಇದೆ, ವಾದವೂ ಇದೆ, ಒಂದು ದೊಡ್ಡ ತಪ್ಪೂ ಇದೆ. ವೆಸ್ಲಿ ಹಿಂದೊಮ್ಮೆ ಖಾಸಗಿಯಾಗಿ ಚೀಟಿ ಎತ್ತಿದ ಸಂಗತಿಯನ್ನು ವೈಟ್‌ಫೀಲ್ಡ್ ಅಲ್ಲಿ ಬಯಲಿಗೆಳೆದ. ಗೆಳೆಯನ ಗುಟ್ಟನ್ನು ವಾದಕ್ಕೆ ಬಳಸಿದ ಈ ತಪ್ಪಿಗೆ ಅವನು ಆಮೇಲೆ ಕ್ಷಮೆ ಕೇಳಿದ. 1741ರ ಮಾರ್ಚಿನಲ್ಲಿ ಇಬ್ಬರೂ ಭೇಟಿಯಾದಾಗ, ನಾವು ಬೋಧಿಸುತ್ತಿರುವುದು ಎರಡು ಬೇರೆ ಸುವಾರ್ತೆ, ನಿನಗೆ ಅನ್ಯೋನ್ಯತೆಯ ಬಲಗೈ ಕೊಡಲಾರೆ ಎಂದೂ ವೈಟ್‌ಫೀಲ್ಡ್ ಹೇಳಿದ್ದುಂಟು. ಅವನನ್ನು ಸಂತನೆಂದು ನಾನು ಇಲ್ಲಿ ನಿಲ್ಲಿಸುತ್ತಿಲ್ಲ.

ಈ ದಿನಗಳ ಒಂದು ಘಟನೆಯಲ್ಲಿ ವೆಸ್ಲಿ ನಿಜವಾಗಿಯೂ ದೊಡ್ಡವನಾಗಿ ಕಾಣುತ್ತಾನೆ. ವೈಟ್‌ಫೀಲ್ಡ್ ಅವನಿಗೆ ಬರೆದ ಖಾಸಗಿ ಪತ್ರವೊಂದನ್ನು ಯಾರೋ ಇಬ್ಬರ ಒಪ್ಪಿಗೆಯೂ ಇಲ್ಲದೆ ಅಚ್ಚು ಹಾಕಿಸಿ, 1741ರ ಫೆಬ್ರವರಿ 1ರಂದು ಲಂಡನ್ನಿನ ಫೌಂಡ್ರಿ ಸಭಾಗೃಹದ ಬಾಗಿಲಲ್ಲಿ ಹಂಚಿದರು. ವೆಸ್ಲಿ ಅದರ ಪ್ರತಿಯೊಂದನ್ನು ಕೈಗೆತ್ತಿಕೊಂಡ. ವೈಟ್‌ಫೀಲ್ಡ್ ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದನೋ ನಾನೂ ಅದನ್ನೇ ಮಾಡುತ್ತೇನೆ ಎಂದು ಎಲ್ಲರ ಮುಂದೆ ಹರಿದುಹಾಕಿದ. ಸೇರಿದ್ದ ಜನರೂ ಹರಿದರು. ಎರಡು ನಿಮಿಷದಲ್ಲಿ ಒಂದು ಪ್ರತಿಯೂ ಉಳಿಯಲಿಲ್ಲ. ಎದುರಾಳಿಯ ಜಾಗದಲ್ಲಿ ತಾನು ನಿಂತು, ಅವನ ಮನಸ್ಸನ್ನು ಸರಿಯಾಗಿ ಓದಿ, ಅವನ ಪರವಾಗಿ ನಡೆದುಕೊಂಡ ಆ ಎರಡು ನಿಮಿಷ ‘ಕ್ಯಾಥೊಲಿಕ್ ಸ್ಪಿರಿಟ್’ ಪ್ರಸಂಗದ ಎಲ್ಲ ಪುಟಗಳಿಗಿಂತ ತೂಕವಾದದ್ದು.

1770ರಲ್ಲಿ ಆ ವೆಸ್ಲಿ ಕಾಣುವುದಿಲ್ಲ. ಹದಿನಾರನೆಯ ಶತಮಾನದ ಇಟಲಿಯ ಪಂಡಿತ ಜಾಂಕಿ ಪೂರ್ವನಿರ್ಣಯದ ಬಗ್ಗೆ ಬರೆದದ್ದನ್ನು ಅಗಸ್ಟಸ್ ಟಾಪ್ಲೆಡಿ ಎಂಬ ತರುಣ ಪಾದ್ರಿ ಇಂಗ್ಲಿಷಿಗೆ ತಂದಿದ್ದ. ‘ರಾಕ್ ಆಫ್ ಏಜಸ್’ ಕೀರ್ತನೆ ಬರೆದವನು ಅವನೇ. ವೆಸ್ಲಿ ಆ ಪುಸ್ತಕವನ್ನು ಸಂಕ್ಷೇಪಿಸಿ ಪ್ರಕಟಿಸಿದ. ಕೊನೆಗೆ ತನ್ನದೇ ಒಂದು ಪ್ಯಾರಾ ಸೇರಿಸಿದ: ಇಪ್ಪತ್ತರಲ್ಲಿ ಒಬ್ಬ ಆರಿಸಲ್ಪಟ್ಟವನು, ಅವನು ಏನು ಮಾಡಿದರೂ ರಕ್ಷಣೆ ಹೊಂದುತ್ತಾನೆ, ಮಿಕ್ಕ ಹತ್ತೊಂಬತ್ತು ಮಂದಿ ಏನು ಮಾಡಿದರೂ ನರಕಕ್ಕೇ, ಇದನ್ನು ನಂಬದಿದ್ದರೆ ನೀನೂ ನರಕಕ್ಕೇ ಎಂಬರ್ಥದ್ದು. ಅದರ ಕೆಳಗೆ ಟಾಪ್ಲೆಡಿಯ ಹೆಸರಿನ ಮೊದಲಕ್ಷರಗಳನ್ನು ಸಹಿಯಂತೆ ಹಾಕಿದ. ಟಾಪ್ಲೆಡಿ ಆ ಮಾತು ಬರೆದಿರಲಿಲ್ಲ, ಬರೆಯುತ್ತಲೂ ಇರಲಿಲ್ಲ. ಎದುರಾಳಿಯ ಬಾಯಲ್ಲಿ ಅವನದಲ್ಲದ ಮಾತನ್ನಿಟ್ಟು ಅವನ ಸಹಿಯನ್ನೂ ತಾನೇ ಹಾಕುವುದಕ್ಕಿಂತ ದೊಡ್ಡ ಕರುಣಾಹೀನತೆ ಬರವಣಿಗೆಯ ಲೋಕದಲ್ಲಿ ನನಗೆ ತೋಚುವುದಿಲ್ಲ. ಟಾಪ್ಲೆಡಿ ಉತ್ತರ ಬರೆದಾಗ, ಚಿಮಣಿ ಗುಡಿಸುವವರ ಜೊತೆ ತಾನು ಗುದ್ದಾಡುವುದಿಲ್ಲ ಎಂಬಂಥ ಮಾತನ್ನು ವೆಸ್ಲಿ ಗೆಳೆಯನಿಗೆ ಬರೆದ. ಟಾಪ್ಲೆಡಿಯ ಭಾಷೆಯೂ ಮುಂದೆ ಹೊಲಸಾಯಿತು, 1775ರಲ್ಲಿ ವೆಸ್ಲಿಯನ್ನು ಮುದಿ ನರಿ ಎಂದು ತಲೆಬರಹದಲ್ಲೇ ಕರೆದ. ಇಬ್ಬರೂ ಕೃಪೆಯ ಬಗ್ಗೆಯೇ ಜಗಳವಾಡುತ್ತಿದ್ದರು. ಕನ್ನಡದಲ್ಲಿ ಕೈ ಕೊಡುವುದಕ್ಕೆ ಎರಡು ಅರ್ಥಗಳಿವೆ. 1770ರಲ್ಲಿ ವೆಸ್ಲಿ ಟಾಪ್ಲೆಡಿಗೂ ತನ್ನ ಪ್ರಸಂಗಕ್ಕೂ ಕೊಟ್ಟದ್ದು ಎರಡನೆಯ ಅರ್ಥದ ಕೈ.

ಅದೇ ವರ್ಷ ಸೆಪ್ಟೆಂಬರ್ 30ರಂದು ಅಮೆರಿಕದ ನ್ಯೂಬರಿಪೋರ್ಟಿನಲ್ಲಿ ವೈಟ್‌ಫೀಲ್ಡ್ ತೀರಿಕೊಂಡ. ನವೆಂಬರ್ 18ರಂದು ಲಂಡನ್ನಿನಲ್ಲಿ ಅವನ ಸ್ಮರಣೆಯ ಪ್ರಸಂಗವನ್ನು ವೆಸ್ಲಿಯೇ ಮಾಡಿದ. ಅಲ್ಲಿ ಅವನ ಪ್ರೀತಿಯನ್ನು ಅನುಮಾನಿಸಲು ಕಾರಣವಿಲ್ಲ, ಹಳೆಯ ಗೆಳೆಯರು ಎಷ್ಟೋ ಮೊದಲೇ ಒಂದಾಗಿದ್ದರು. ಆದರೆ ವಚನದ ಆಯ್ಕೆ ಇಲ್ಲೂ ವಿಚಿತ್ರ. ನೀತಿವಂತನ ಮರಣ ತನಗೂ ಬರಲಿ ಎಂದು ಬಿಳಾಮ ಹಾರೈಸುವ ಅರಣ್ಯಕಾಂಡದ ಮಾತು ಅದು. ಬಿಳಾಮನಿಗೆ ಅಂಥ ಮರಣ ಸಿಗಲಿಲ್ಲ, ಅವನು ಇಸ್ರಾಯೇಲರ ಕತ್ತಿಗೆ ಬಿದ್ದ. ಪ್ರೀತಿಯ ಎರಡು ಪ್ರಸಿದ್ಧ ಪ್ರಸಂಗಗಳಿಗೂ ವೆಸ್ಲಿ ಕರೆತಂದದ್ದು ಸಂದರ್ಭದಿಂದ ಕಿತ್ತ ಬಾಯಿಗಳನ್ನು. ಆ ಪ್ರಸಂಗದಲ್ಲಿ ವೈಟ್‌ಫೀಲ್ಡನ ಮುಖ್ಯ ಬೋಧನೆಗಳೆಂದು ಹೊಸ ಜನ್ಮವನ್ನೂ ನಂಬಿಕೆಯಿಂದ ಬರುವ ನೀತಿಯನ್ನೂ ಹೇಳಿದ. ಸತ್ತವನು ತನ್ನ ಬೋಧನೆಯ ಜೀವಾಳವೆಂದು ಕೊನೆಯವರೆಗೂ ಹಿಡಿದಿದ್ದ ದೇವರ ಆಯ್ಕೆಯ ವಿಷಯವನ್ನು ಹೇಳಲಿಲ್ಲ. ಕಾಲ್ವಿನ್ ಪಂಥದ ‘ಗಾಸ್ಪೆಲ್ ಮ್ಯಾಗಜಿನ್’ ಇದನ್ನು ಹಿಡಿದು ಟೀಕಿಸಿತು. ಟೀಕೆಯ ದನಿ ಒರಟು, ಆದರೆ ಹುರುಳಿತ್ತು. ಗೆಳೆಯನ ಸ್ಮರಣೆಯ ಹೊತ್ತಿನಲ್ಲೂ ಅವನ ನಂಬಿಕೆಯನ್ನು ಅವನು ಹೇಳುತ್ತಿದ್ದಂತೆ ಹೇಳಲು ವೆಸ್ಲಿಗೆ ಆಗಲಿಲ್ಲ. ಇನ್ನೊಂದು ಮೌನ ಇದಕ್ಕಿಂತ ದೊಡ್ಡದು. ಬೆಥೆಸ್ಡಾ ಅನಾಥಾಲಯದ ಹೊಲಗಳಲ್ಲಿ ಗುಲಾಮರು ದುಡಿಯುತ್ತಿದ್ದರು. ಜಾರ್ಜಿಯಾದಲ್ಲಿ ಗುಲಾಮಗಿರಿಗೆ ಅನುಮತಿ ಬೇಕೆಂದು ವೈಟ್‌ಫೀಲ್ಡ್ ವಾದಿಸಿದ್ದ. ವೆಸ್ಲಿ ಗುಲಾಮಗಿರಿಯನ್ನು ಖಂಡಿಸಿ ಪುಸ್ತಕ ಬರೆದದ್ದು 1774ರಲ್ಲಿ, ಗೆಳೆಯ ಸತ್ತ ನಾಲ್ಕು ವರ್ಷದ ಮೇಲೆ. ಇಬ್ಬರೂ ಮುಖಾಮುಖಿ ಜಗಳವಾಡಲೇಬೇಕಿದ್ದ ವಿಷಯ ಯಾವುದಾದರೂ ಇದ್ದರೆ ಅದು ಇದೇ.

ಕಥೊಲಿಕರ ವಿಷಯದಲ್ಲೂ ರಥ ಹೀಗೆಯೇ ತಿರುಗಿತು. 1749ರ ಜುಲೈನಲ್ಲಿ ಡಬ್ಲಿನ್ನಿನಿಂದ ವೆಸ್ಲಿ ಬರೆದ ‘ರೋಮನ್ ಕಥೊಲಿಕನೊಬ್ಬನಿಗೆ ಪತ್ರ’ ಇಂದಿಗೂ ಐಕ್ಯ ಚಳವಳಿಯ ಮೆಚ್ಚಿನ ಬರಹ. ಒಬ್ಬರಿಗೊಬ್ಬರು ನೋವು ಮಾಡದಿರೋಣ, ಕೆಟ್ಟದ್ದನ್ನು ಆಡದಿರೋಣ, ಯೋಚಿಸಲೂ ಬೇಡ ಎನ್ನುವ ಪತ್ರ ಅದು. 1780ರ ಜನವರಿಯಲ್ಲಿ ಅದೇ ವೆಸ್ಲಿ, ಕಥೊಲಿಕರಿಗೆ ಕೊಟ್ಟ ಸೌಲಭ್ಯಗಳನ್ನು ವಿರೋಧಿಸಿದ ಪ್ರಾಟೆಸ್ಟಂಟ್ ಸಂಘದ ಪರವಾಗಿ ಪತ್ರಿಕೆಗೆ ಬರೆದ. ಪಾಷಂಡಿಗಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಿಲ್ಲ ಎಂಬುದು ಅವರ ಸಿದ್ಧಾಂತ, ಆದ್ದರಿಂದ ಕಥೊಲಿಕವಲ್ಲದ ಯಾವ ಸರ್ಕಾರವೂ ಅವರನ್ನು ಸಹಿಸಬಾರದು ಎಂದು ವಾದಿಸಿದ. ಅದು ನಮ್ಮ ಸಿದ್ಧಾಂತವಲ್ಲ ಎಂದು ಐರ್ಲೆಂಡಿನ ಕಪುಚಿನ್ ಸನ್ಯಾಸಿ ಆರ್ಥರ್ ಓ’ಲಿಯರಿ ಉತ್ತರ ಬರೆದ. ಆ ಜೂನಿನಲ್ಲಿ ಲಂಡನ್ನಿನಲ್ಲಿ ಗಾರ್ಡನ್ ದಂಗೆ ಎದ್ದು ಕಥೊಲಿಕರ ಪ್ರಾರ್ಥನಾಲಯಗಳೂ ಮನೆಗಳೂ ಸುಟ್ಟವು. ದಂಗೆಯ ಹೊಣೆಯನ್ನು ವೆಸ್ಲಿಯ ತಲೆಗೆ ಕಟ್ಟುವುದು ತಪ್ಪು. ಆದರೆ ಟಾಪ್ಲೆಡಿಯೂ ಓ’ಲಿಯರಿಯೂ ಅವನಿಗೆ ಹೇಳಿದ್ದು ಒಂದೇ ಮಾತು: ನೀನು ಹೇಳುತ್ತಿರುವುದು ನಮ್ಮ ನಂಬಿಕೆಯಲ್ಲ. ಎರಡು ಸಲವೂ ಅವನಿಗೆ ಆ ಮಾತು ಕೇಳಿಸಲಿಲ್ಲ.

ಇಲ್ಲಿ ವಿಮರ್ಶಕರ ಜೊತೆ ನನಗೊಂದು ತಕರಾರಿದೆ. ವೆಸ್ಲಿಯನ್ನು ಐಕ್ಯದ ದೈವಶಾಸ್ತ್ರಜ್ಞನಾಗಿ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ನಿಲ್ಲಿಸಿದವರಲ್ಲಿ ಆಲ್ಬರ್ಟ್ ಔಟ್ಲರ್ ಮುಖ್ಯ. ಅವರ ವಿದ್ವತ್ತಿಗೆ ನಾನೂ ಋಣಿ. ಆದರೆ ಅವರ ದಾರಿ ಹಿಡಿದು ಬಂದ ಅನೇಕರು ಪ್ರಸಂಗವನ್ನೂ ಡಬ್ಲಿನ್ನಿನ ಪತ್ರವನ್ನೂ ಎತ್ತಿ ತೋರಿಸುತ್ತಾರೆ, ಟಾಪ್ಲೆಡಿಯ ಹೆಸರಿನ ಸಹಿಯನ್ನೂ 1780ರ ಪತ್ರವನ್ನೂ ಅಡಿಟಿಪ್ಪಣಿಗೆ ಇಳಿಸುತ್ತಾರೆ. ಭಿನ್ನಾಭಿಪ್ರಾಯಕ್ಕೆ ಒಪ್ಪಿಕೊಂಡು ಜೊತೆಯಾಗಿರುವುದು ಎಂಬ ಇಂಗ್ಲಿಷಿನ ಜನಪ್ರಿಯ ನುಡಿಗಟ್ಟನ್ನು ವೆಸ್ಲಿಯೇ ಹುಟ್ಟಿಸಿದ ಎಂದೂ ಬರೆಯುತ್ತಾರೆ. ಸ್ಮರಣೆಯ ಪ್ರಸಂಗದಲ್ಲಿ ಅದು ಬರುವುದು ನಿಜ. ಆದರೆ ಇಪ್ಪತ್ತು ವರ್ಷ ಮೊದಲೇ, 1750ರ ಪತ್ರವೊಂದರಲ್ಲಿ, ವೈಟ್‌ಫೀಲ್ಡ್ ಅದನ್ನು ಬಳಸಿದ್ದಾನೆ. ಸತ್ತ ಗೆಳೆಯನ ಮಾತಿನ ಕೀರ್ತಿ ಬದುಕಿದವನಿಗೆ ಸೇರಿತು. ಇನ್ನು ಸ್ವರ್ಗದ ಕಥೆ: ಅಲ್ಲಿ ನಿಮ್ಮ ಎದುರಾಳಿಯನ್ನು ಕಾಣುವಿರಾ ಎಂದು ಕೇಳಿದ್ದಕ್ಕೆ, ಇಲ್ಲ, ಅವನು ಸಿಂಹಾಸನಕ್ಕೆ ಅಷ್ಟು ಹತ್ತಿರ ಇರುತ್ತಾನೆ, ದೂರ ನಿಂತ ನನಗೆ ಕಾಣಿಸಲಾರ ಎಂದನಂತೆ. ಒಂದು ಕಡೆಯವರು ಇದನ್ನು ವೈಟ್‌ಫೀಲ್ಡನ ಬಾಯಲ್ಲಿ ಹೇಳಿಸುತ್ತಾರೆ, ಇನ್ನೊಂದು ಕಡೆಯವರು ವೆಸ್ಲಿಯ ಬಾಯಲ್ಲಿ. ಹೆಸರು ಬದಲಿಸಿದರೂ ಕೆಡದ ಕಥೆಯಿಂದ ಆ ಇಬ್ಬರ ಬಗ್ಗೆ ನಮಗೆ ತಿಳಿಯುವುದು ಏನೂ ಇಲ್ಲ.

ಹಾಗಾದರೆ ಮಾದರಿ ಎಲ್ಲಿದೆ? ವಚನ ಬೇಕಿದ್ದರೆ ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಇದೆ. ಪೌಲ ತಾನು ಬೋಧಿಸುವುದನ್ನು ಯೆರೂಸಲೇಮಿನ ಹಿರಿಯರ ಮುಂದೆ ಮೊದಲು ಬಿಚ್ಚಿಡುತ್ತಾನೆ. ಕೇಳಿ, ತಿಳಿದು, ಒಪ್ಪಂದದ ಷರತ್ತುಗಳನ್ನು ಮಾತಾಡಿ, ಬಡವರನ್ನು ಮರೆಯಬಾರದು ಎಂಬುದನ್ನೂ ಸೇರಿಸಿ, ಆಮೇಲೆ ಅವರು ಬಲಗೈ ಕೊಡುತ್ತಾರೆ. ಅದೇ ಅಧ್ಯಾಯದಲ್ಲಿ, ಅಂತಿಯೋಕ್ಯದಲ್ಲಿ, ಆ ಕೈ ಕೊಟ್ಟವರಲ್ಲಿ ಒಬ್ಬನಾದ ಪೇತ್ರನನ್ನು ಪೌಲ ಮುಖಾಮುಖಿ ಎದುರಿಸುತ್ತಾನೆ. ಕೈ ಹಿಡಿದದ್ದು ಅವನ ಬಾಯಿ ಕಟ್ಟಲಿಲ್ಲ, ಎದುರಿಸಿದ್ದು ಕೈ ಬಿಡಿಸಲಿಲ್ಲ. ಯೇಹುವಿನ ರಥದಲ್ಲಿ ಇವೆರಡರಲ್ಲಿ ಒಂದಕ್ಕೂ ಜಾಗವಿರಲಿಲ್ಲ.

ಉದಾಹರಣೆ ಬೇಕಿದ್ದರೆ ವೆಸ್ಲಿಯೇ ಪಾತ್ರವಾಗಿರುವ ಒಂದು ಸಣ್ಣ ಸಂಭಾಷಣೆಯಿದೆ. 1784ರ ಡಿಸೆಂಬರ್ 20ರಂದು ಹಿಂಕ್ಸ್‌ವರ್ತಿನಲ್ಲಿ 81 ವರ್ಷದ ವೆಸ್ಲಿಯನ್ನು 25 ವರ್ಷದ ಚಾರ್ಲ್ಸ್ ಸಿಮಿಯನ್ ಭೇಟಿಯಾದ. ಭಾರತಕ್ಕೆ ಹೆನ್ರಿ ಮಾರ್ಟಿನ್‌ನಂಥ ಚಾಪ್ಲೇನರನ್ನು ಮುಂದೆ ಹುಡುಕಿ ಕಳಿಸಿದ ಕೇಂಬ್ರಿಜಿನ ಸಿಮಿಯನ್ ಇವನೇ. ತನ್ನ ಪ್ರಸಂಗ ಸಂಗ್ರಹದ ಮುನ್ನುಡಿಯಲ್ಲಿ ಅವನು, ತರುಣ ಕಾಲ್ವಿನಿಸ್ಟನೊಬ್ಬನಿಗೂ ಮುದಿ ಅರ್ಮಿನಿಯನನಿಗೂ ನಡೆದ ಮಾತೆಂದು ಒಂದು ಸಂಭಾಷಣೆಯನ್ನು ಬರೆದಿಟ್ಟಿದ್ದಾನೆ. ಜನರ ಲೆಕ್ಕದಲ್ಲಿ ನಾವಿಬ್ಬರೂ ಬಾಕು ಹಿರಿಯಬೇಕಾದವರು, ಅದಕ್ಕೆ ಮೊದಲು ಕೆಲವು ಪ್ರಶ್ನೆ ಕೇಳಲೇ ಎಂದು ತರುಣ ಶುರುಮಾಡುತ್ತಾನೆ. ದೇವರು ಮೊದಲು ಮನಸ್ಸಿನಲ್ಲಿ ಹಾಕದಿದ್ದರೆ ಅವನ ಕಡೆ ತಿರುಗುವ ಯೋಚನೆಯೂ ನಿಮಗೆ ಬರುತ್ತಿರಲಿಲ್ಲ ಎಂದು ಅನಿಸುತ್ತದೆಯೇ? ಕ್ರಿಸ್ತನ ರಕ್ತದಿಂದ ಮಾತ್ರ ರಕ್ಷಣೆಯನ್ನು ಎದುರು ನೋಡುತ್ತೀರಾ? ಮೊದಲು ಕ್ರಿಸ್ತ ರಕ್ಷಿಸಿದ ಮೇಲೆ, ಮುಂದೆ ಸ್ವಂತ ಕ್ರಿಯೆಗಳಿಂದ ನಿಮ್ಮನ್ನು ನೀವೇ ರಕ್ಷಿಸಿಕೊಳ್ಳಬೇಕಲ್ಲವೇ? ತಾಯಿಯ ತೋಳಿನ ಮಗುವಿನಂತೆ ಗಳಿಗೆ ಗಳಿಗೆಗೂ ದೇವರೇ ಎತ್ತಿ ಹಿಡಿಯಬೇಕೇ? ಮುದುಕ ಪ್ರತಿಯೊಂದಕ್ಕೂ ತನ್ನ ಮಾತಿನಲ್ಲೇ ಉತ್ತರ ಕೊಡುತ್ತಾನೆ, ಮೂರನೆಯದಕ್ಕೆ ಖಡಾಖಂಡಿತ ಇಲ್ಲ ಎನ್ನುತ್ತಾನೆ. ನನ್ನ ಕಾಲ್ವಿನಿಸಂ ಎಂದರೆ ಇಷ್ಟೇ ಎಂದು ತರುಣ ಬಾಕುವನ್ನು ಒರೆಗೆ ಸೇರಿಸುತ್ತಾನೆ.

ಮೂರನೆಯ ಪ್ರಶ್ನೆಯನ್ನು ಗಮನಿಸಿ. ವೆಸ್ಲಿಯ ಮೆಥಡಿಸ್ಟ್ ಸಮ್ಮೇಳನ 1770ರ ಆಗಸ್ಟಿನಲ್ಲಿ, ನಾವು ಕಾಲ್ವಿನ್ ಪಂಥದ ಕಡೆ ಬಹಳ ವಾಲಿದ್ದೇವೆ ಎಂದು ನಿರ್ಣಯಿಸಿ, ಕ್ರಿಯೆಗಳ ಬಗ್ಗೆ ಬರೆದ ಸಾಲುಗಳೇ ವೈಟ್‌ಫೀಲ್ಡನ ಪಕ್ಷದ ಹಂಟಿಂಗ್‌ಡನ್ ಕೌಂಟೆಸ್ಸಳ ಬಳಗವನ್ನು ಕೆರಳಿಸಿ ವರ್ಷಗಟ್ಟಲೆ ಕರಪತ್ರ ಯುದ್ಧ ನಡೆಸಿದ್ದವು. ಸಿಮಿಯನ್ ಬೆರಳಿಟ್ಟದ್ದು ಅದೇ ಹುಣ್ಣಿನ ಮೇಲೆ. ಒಪ್ಪಿಗೆಯಿರುವ ಜಾಗವನ್ನು ಹುಡುಕಿಕೊಂಡು ಅವನು ಸುತ್ತಿ ಹೋಗಲಿಲ್ಲ. ಎದುರಾಳಿಯ ಬಗ್ಗೆ ಊರೆಲ್ಲ ಹಬ್ಬಿದ್ದ ಆರೋಪವನ್ನೇ ಪ್ರಶ್ನೆಯಾಗಿಸಿ ಮುಂದಿಟ್ಟ, ಉತ್ತರವನ್ನು ಅವನ ಬಾಯಿಂದಲೇ ಕೇಳಿದ, ಕೇಳಿದ್ದನ್ನು ನಂಬಿದ. 1770ರಲ್ಲಿ ವೆಸ್ಲಿ ಟಾಪ್ಲೆಡಿಗೆ ಮಾಡದೆ ಬಿಟ್ಟದ್ದು ಇದನ್ನೇ.

ಈ ಸಂಭಾಷಣೆಗೂ ಒಂದು ಕೊರತೆಯಿದೆ. ಪ್ರಶ್ನೆಗಳೆಲ್ಲ ಒಂದೇ ಕಡೆಯವು, ಬರೆದವನೂ ಆ ಕಡೆಯವನೇ. ಕ್ರಿಸ್ತ ಎಲ್ಲರಿಗಾಗಿಯೂ ಸತ್ತನೇ, ಎದುರಿಗೆ ನಿಂತ ಯಾರಿಗೂ ಹಾಗೆಂದು ಹೇಳಬಲ್ಲೆಯಾ ಎಂಬ 1739ರ ಪ್ರಶ್ನೆಯನ್ನು ಕೇಳುವ ಸರದಿ ಮುದುಕನಿಗೆ ಬರಲಿಲ್ಲ. ಜೆ. ಐ. ಪ್ಯಾಕರ್ 1961ರ ತಮ್ಮ ಪುಸ್ತಕದಲ್ಲಿ ಈ ಸಂಭಾಷಣೆಯನ್ನು ಉದ್ಧರಿಸುವಾಗ, ಪ್ರಾರ್ಥಿಸುವ ಕ್ರೈಸ್ತನೆಲ್ಲ ಒಳಗೊಳಗೇ ದೇವರ ಸಾರ್ವಭೌಮತ್ವವನ್ನು ನಂಬುವವನೇ ಎಂಬುದಕ್ಕೆ ಸಾಕ್ಷಿಯಾಗಿ ಬಳಸುತ್ತಾರೆ. ಹಾಗೆ ಓದಿದರೆ ಅದು ಕಾಲ್ವಿನ್ ಪಂಥದ ಗೆಲುವಿನ ಕಥೆಯಾಗಿಬಿಡುತ್ತದೆ. ನನಗೆ ಕಾಣುವುದು ಅರ್ಧ ನಡೆದ ಒಂದು ಒಳ್ಳೆಯ ಕೆಲಸ. ಉಳಿದರ್ಧ ಎಂದರೆ ಪ್ರಶ್ನೆ ಕೇಳಿದವನು ತಾನೂ ಪ್ರಶ್ನೆಗೆ ಕೂತುಕೊಳ್ಳುವುದು.

ಆ ಉಳಿದರ್ಧ ನಮ್ಮ ನೆಲದಲ್ಲೇ ಒಂದು ಮಟ್ಟಿಗೆ ನಡೆದಿದೆ. ವೈಟ್‌ಫೀಲ್ಡನ ಕಡೆಯ ಪರಂಪರೆ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಮೂಲಕ ಬಂತು. ಆ ಮಿಷನ್ನಿನ ಸ್ಥಾಪಕರಲ್ಲಿ ಒಬ್ಬನಾದ ಥಾಮಸ್ ಹಾವೀಸ್ ಹಂಟಿಂಗ್‌ಡನ್ ಕೌಂಟೆಸ್ಸಳ ಬಳಗದ ಪಾದ್ರಿ. ವೆಸ್ಲಿಯ ಪರಂಪರೆ ಬೆಂಗಳೂರು, ಮೈಸೂರುಗಳಲ್ಲಿ ಬೇರೂರಿತು, ಮೈಸೂರಿನ ಕೆಥೀಡ್ರಲ್ಲಿಗೆ ಇಂದಿಗೂ ಅವನದೇ ಹೆಸರು. 1739ರಲ್ಲಿ ಬೇರೆಯಾದ ಎರಡು ದಾರಿಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್ಲಿನಲ್ಲಿ, ಆಂಗ್ಲಿಕನ್ನರ ಜೊತೆಗೆ, ದಕ್ಷಿಣ ಭಾರತ ಸಭೆಯಾಗಿ ಕೂಡಿದವು. ಅದಕ್ಕೆ ಹಿಡಿದದ್ದು 28 ವರ್ಷ. 1919ರಲ್ಲಿ ತರಂಗಂಬಾಡಿಯಲ್ಲಿ ಮಾತು ಶುರುವಾಯಿತು. ಅದನ್ನು ಶುರುಮಾಡಿದವರಲ್ಲಿ ಮುಖ್ಯರಾದ ಬಿಷಪ್ ವಿ. ಎಸ್. ಅಜರಯ್ಯ ಐಕ್ಯವನ್ನು ಕಣ್ಣಾರೆ ಕಾಣದೆ 1945ರಲ್ಲಿ ತೀರಿಕೊಂಡರು. ಅಷ್ಟು ವರ್ಷ ಅವರು ಚರ್ಚಿಸಿದ್ದು ವೆಸ್ಲಿ ತನ್ನ ಪ್ರಸಂಗದಲ್ಲಿ ಕೇಳಬೇಡ ಎಂದಿದ್ದ ಪ್ರಶ್ನೆಗಳನ್ನೇ: ಬಿಷಪ್ಪರು ಬೇಕೇ, ಬಿಷಪ್ಪರ ಕೈ ಇಡದ ದೀಕ್ಷೆ ದೀಕ್ಷೆಯೇ? ಕೊನೆಗೆ ಬಿಷಪ್ಪರು ಬಂದರು, ಆದರೆ ಮೊದಲೇ ಸಭಾಪಾಲಕರಾಗಿದ್ದವರಿಗೆ ಮರುದೀಕ್ಷೆ ಕೊಡಲಿಲ್ಲ. ಒಂದು ಸಭೆಗೆ ರೂಢಿಯಿಲ್ಲದ ಆರಾಧನೆಯನ್ನಾಗಲಿ ಸೇವಕರನ್ನಾಗಲಿ ಮನಸ್ಸಾಕ್ಷಿಗೆ ವಿರುದ್ಧವಾಗಿ ಹೇರುವುದಿಲ್ಲ ಎಂದು ಬರೆದುಕೊಟ್ಟರು. ಬೆಳೆದು ಒಂದಾಗಲು ಮೂವತ್ತು ವರ್ಷದ ಅವಧಿ ಇಟ್ಟುಕೊಂಡರು. ನಂದ್ಯಾಲ ಕಡೆಯ ಅನೇಕ ಆಂಗ್ಲಿಕನ್ನರು ಆಗ ಒಳಗೆ ಬರಲಿಲ್ಲ, ಇಂಗ್ಲೆಂಡಿನ ಸಭೆ ಪೂರ್ಣ ಅನ್ಯೋನ್ಯತೆ ಕೊಡಲು ಹಿಂಜರಿಯಿತು. ಆ ಬೆಲೆಯನ್ನೂ ತೆತ್ತರು. ಈ ಸಭೆಯ ಆಮೇಲಿನ ಜಗಳಗಳು ನನಗೂ ಗೊತ್ತು. ಆದರೂ ಸಿದ್ಧಾಂತವನ್ನು ಮೇಜಿನ ಮೇಲಿಟ್ಟುಕೊಂಡೇ ಕರುಣೆಯಿಂದ ಕೂರಬಹುದು ಎಂಬುದಕ್ಕೆ ಆ 28 ವರ್ಷ ಸಾಕ್ಷಿ.

ಆದ್ದರಿಂದ ನಮ್ಮ ಪ್ರಸಂಗಿಗಳಲ್ಲಿ ಒಂದು ಬಿನ್ನಹ. ಬರುವ ಜನವರಿಯಲ್ಲಿ ಯೇಹುವಿನ ವಚನವನ್ನು ಬಿಟ್ಟು ಗಲಾತ್ಯದ ಎರಡನೆಯ ಅಧ್ಯಾಯವನ್ನು ಓದಿ. ಇನ್ನೊಂದು ಸಭೆಯ ನಂಬಿಕೆಯ ಬಗ್ಗೆ ಪೀಠದಿಂದ ಏನಾದರೂ ಹೇಳುವ ಮೊದಲು, ಆ ಸಭೆಯ ಒಬ್ಬರನ್ನು ಮನೆಗೆ ಕರೆದು, ಹೇಳಬೇಕೆಂದಿರುವುದನ್ನು ಓದಿ ತೋರಿಸಿ. ಹೌದು, ನಾವು ನಂಬುವುದು ಇದನ್ನೇ ಎಂದು ಅವರು ಹೇಳಿದ ಮೇಲೆ ಪೀಠ ಹತ್ತಿ. ಒಪ್ಪುವುದಿಲ್ಲ ಎಂದು ಆಗ ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳಿ, ಕೇಳುವವರಿಗೆ ಅದರಲ್ಲಿ ಪ್ರೀತಿ ಕಾಣುತ್ತದೆ.